ಅಳೆಯುವುದು ಕಲಿಕೆಯನ್ನೋ, ನೆಟ್‌ವರ್ಕನ್ನೋ?

ಕ್ಲಾಸಿನಲ್ಲಿ ಇಂಟರ್ನಲ್ಸ್ ಬರೆಯುವಾಗ ನಮಗೆಲ್ಲ ಒಂದೇ ಕೋಣೆ, ಒಂದೇ ಗಡಿಯಾರ. ಆನ್‌ಲೈನಿನಲ್ಲಿ ಹಾಗಲ್ಲ. ಔರಾದ್ ತಾಲ್ಲೂಕಿನ ಚಿಂತಾಕಿಯಿಂದ ಕ್ವಿಜ್ ಬರೆಯುವಾಗ ಕರೆಂಟ್ ಹೋದ್ರೆ, ಗೊತ್ತಿದ್ದ ಉತ್ತರಕ್ಕೂ ಸೊನ್ನೆ. ಜೊತೆಗೆ, ಮನೆಯಲ್ಲಿ ಬರೆದ ಉತ್ತರ ಯಾರದ್ದು ಅನ್ನೋ ಅನುಮಾನ ಬೇರೆ.

ಎನ್‌ಪಿಟಿಇಎಲ್‌ನ 12 ವಾರದ ಕೋರ್ಸುಗಳಲ್ಲಿ ಎರಡಕ್ಕೂ ಒಂದು ದಾರಿಯಿದೆ. 12 ಅಸೈನ್‌ಮೆಂಟುಗಳಲ್ಲಿ ಚೆನ್ನಾಗಿ ಬಂದ 8ರ ಸರಾಸರಿಗೆ ಮಾತ್ರ 25 ಅಂಕ. ಹಾಗಾಗಿ ನಾಲ್ಕು ವಾರ ಕೈಕೊಟ್ಟರೂ ಚಿಂತೆಯಿಲ್ಲ. ಉಳಿದ 75 ಅಂಕ ಪರೀಕ್ಷಾ ಕೇಂದ್ರಕ್ಕೇ ಹೋಗಿ ಬರೆಯುವ ಪರೀಕ್ಷೆಗೆ. ಸರ್ಟಿಫಿಕೇಟ್ ಬೇಕಂದ್ರೆ ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30 ಬರಲೇಬೇಕು.

ನಮ್ಮ ಆನ್‌ಲೈನ್ ಕ್ವಿಜ್‌ಗಳಿಗೂ ಇದನ್ನೇ ಕೇಳೋಣ: ಕಡಿಮೆ ಬಂದ ಒಂದೆರಡನ್ನು ಬಿಡಲಿ, ಕೊನೆಗೆ ಎದುರು ಕೂರಿಸಿ ಐದು ನಿಮಿಷ ವೈವಾ ಮಾಡಲಿ. ಕಲಿತವರಿಗೆ ಅದರ ಭಯ ಯಾಕೆ?