ಕುಸುಬೆ ಎಣ್ಣೆಯೋ, ಕನೋಲಾ ಡಬ್ಬವೋ?

ಮೊನ್ನೆ ಕಮಲಾಪುರದ ಕಡೆಯ ರೈತರೊಬ್ಬರು ನನ್ನ ದವಾಖಾನೆಗೆ ಬಂದಿದ್ದರು. ವಯಸ್ಸು 62. ಎರಡು ವರ್ಷದ ಹಿಂದೆ ಹೃದಯಾಘಾತವಾಗಿ ಚೇತರಿಸಿಕೊಂಡವರು. ಚೀಲದಿಂದ ಕನೋಲಾ ಎಣ್ಣೆಯ ಡಬ್ಬವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಕಲಬುರಗಿಯಲ್ಲಿ ನೌಕರಿಗಿರುವ ಮಗ ಕೊಡಿಸಿದ್ದಂತೆ. "ಇದು ಹಾರ್ಟಿಗಿ ಚಲೋ ಅಂತಾನ್ರಿ ಸಾಹೇಬ್ರ. ನಮ್ಮ ಕುಸುಬಿ ಎಣ್ಣಿ ಬಿಟ್ಟುಬಿಡಬೇಕೇನ್ರಿ?"

ಪ್ರಶ್ನೆ ಅವರೊಬ್ಬರದೇ ಅಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿಯೇ ನೋಡೋಣ.

ಕನೋಲಾ ನಮ್ಮ ಸಾಸಿವೆಯ ದಾಯಾದಿ. ಅದರ ಮೂಲ ಬೆಳೆಯಾದ ರೇಪ್‌ಸೀಡಿನ ಎಣ್ಣೆಯಲ್ಲಿ ಎರುಸಿಕ್ ಎಂಬ ಕೊಬ್ಬಿನಾಮ್ಲ ಬಹಳವಿತ್ತು. ಪ್ರಯೋಗದ ಇಲಿಗಳಿಗೆ ಅದನ್ನು ಹೆಚ್ಚಾಗಿ ಉಣಿಸಿದಾಗ ಹೃದಯದ ಸ್ನಾಯುವಿನಲ್ಲಿ ಕೊಬ್ಬು ಶೇಖರವಾಯಿತು. ಹಿಂಡಿಯಲ್ಲಿದ್ದ ಘಾಟಿನ ಅಂಶದಿಂದ ದನಗಳಿಗೂ ಅದು ಒಗ್ಗುತ್ತಿರಲಿಲ್ಲ. ಕೆನಡಾದ ವಿಜ್ಞಾನಿಗಳಾದ ಬಾಲ್ಡುರ್ ಸ್ಟೆಫಾನ್ಸನ್ ಮತ್ತು ಕೀತ್ ಡೌನಿ ವರ್ಷಗಟ್ಟಲೆ ತಳಿಗಳನ್ನು ಆರಿಸಿ, ಬೆರಕೆ ಮಾಡಿ ಈ ಎರಡೂ ದೋಷಗಳನ್ನು ಇಳಿಸಿದರು. ಎರಡೂ ಕಡಿಮೆಯಿದ್ದ ಮೊದಲ ತಳಿ 'ಟವರ್' 1974ರಲ್ಲಿ ಬಂತು. ಇಂದಿನ ಕನೋಲಾದಲ್ಲಿ ಎರುಸಿಕ್ ಆಮ್ಲ ಶೇಕಡಾ 2ಕ್ಕಿಂತ ಕಡಿಮೆ. ಶೇಕಡಾ 60ರಷ್ಟು ಒಲಿಯಿಕ್ ಆಮ್ಲ, ಜೊತೆಗೆ ಸ್ವಲ್ಪ ಒಮೆಗಾ-3 ಇದೆ. ಒಳ್ಳೆಯ ಎಣ್ಣೆಯೇ, ಸಂದೇಹವಿಲ್ಲ. ಔಷಧವಂತೂ ಅಲ್ಲ.

ಇನ್ನು ನಮ್ಮ ಕುಸುಬೆ. ಹಿಂಗಾರಿಯಲ್ಲಿ ಕಪ್ಪು ಎರೆಯ ತೇವದ ಮೇಲೆಯೇ, ಬೇರನ್ನು ಆಳಕ್ಕಿಳಿಸಿ ಬದುಕುವ ಬೆಳೆ. ಬಿಳಿಜೋಳದ ಹೊಲಕ್ಕೆ ಸುತ್ತ ಕುಸುಬೆಯ ಸಾಲು ಹಾಕಿದರೆ ಮುಳ್ಳಿಗೆ ಹೆದರಿ ದನ ಒಳಗೆ ಬಾರವು. ಎಳೆಯ ಸೊಪ್ಪು ಪಲ್ಯಕ್ಕೆ, ಬೀಜದ ಹಾಲು ಗೋಧಿ ಹುಗ್ಗಿಗೆ, ಎಸಳು ಬಣ್ಣಕ್ಕೆ. ಇಷ್ಟೆಲ್ಲ ಇದ್ದರೂ ಇದನ್ನು ಬೆಳೆಯುವವರು ಕಡಿಮೆಯಾಗುತ್ತಿದ್ದಾರೆ. ಮುಳ್ಳಿನ ಗಿಡ ಕೊಯ್ಯಲು ಆಳು ಸಿಗುವುದು ಕಷ್ಟ, ತೊಗರಿ-ಕಡಲೆಗೆ ಬೆಲೆ ಚೆನ್ನಾಗಿ ಸಿಗುತ್ತದೆ.

ಇಲ್ಲಿಯೂ ತಳಿ ವಿಜ್ಞಾನಿಗಳು ಸುಮ್ಮನೆ ಕುಳಿತಿಲ್ಲ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಸಂಶೋಧನಾ ಕೇಂದ್ರ ಕೊಟ್ಟ 'ಎ-1' ತಳಿಯನ್ನು ರೈತರು ದಶಕಗಳಿಂದ ಬಲ್ಲರು. ಮಹಾರಾಷ್ಟ್ರದ ಫಲಟಣದ ನಿಂಬಕರ್ ಸಂಸ್ಥೆ ಮುಳ್ಳಿಲ್ಲದ ಕುಸುಬೆಯನ್ನೇ ರೂಪಿಸಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1966ರಲ್ಲಿ ಬಂದ 'ಯುಸಿ-1' ತಳಿಯ ಎಣ್ಣೆಯಂತೂ ಬೇರೆಯೇ. ಅದರಲ್ಲಿ ಒಲಿಯಿಕ್ ಆಮ್ಲವೇ ಹೆಚ್ಚು. ಅಂದರೆ ಬೆಳೆಯ ಹೆಸರು ಒಂದೇ ಆದರೂ ತಳಿ ಬದಲಾದರೆ ಎಣ್ಣೆಯ ಗುಣವೂ ಬದಲಾಗುತ್ತದೆ.

ನಮ್ಮ ಕಡೆ ಗಾಣದಲ್ಲಿ ಸಿಗುವ ಸಾಮಾನ್ಯ ಕುಸುಬೆ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲ ಶೇಕಡಾ 70ಕ್ಕೂ ಮೇಲೆ. ಇದು ರಕ್ತದ ಕೊಲೆಸ್ಟರಾಲನ್ನು ಇಳಿಸುವುದು ನಿಜ. ಹಾಗೆಂದೇ ಒಂದು ಕಾಲದಲ್ಲಿ ನಾವು ವೈದ್ಯರೂ ಇದನ್ನು ಹೊಗಳಿದ್ದುಂಟು. ಆದರೆ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 1966ರಿಂದ 1973ರವರೆಗೆ ಹೃದ್ರೋಗವಿದ್ದ 458 ಗಂಡಸರ ಮೇಲೆ ನಡೆದ ಅಧ್ಯಯನದ ಹಳೆಯ ಲೆಕ್ಕಗಳನ್ನು 2013ರಲ್ಲಿ ಮತ್ತೆ ತೆರೆದಾಗ, ಕುಸುಬೆ ಎಣ್ಣೆ ಮತ್ತು ಅದರ ಮಾರ್ಗರೀನನ್ನು ಯಥೇಚ್ಛ ತಿಂದವರಲ್ಲೇ ಸಾವು ಹೆಚ್ಚಾಗಿತ್ತು. ದೋಷ ಮಾರ್ಗರೀನಿನದಿರಬಹುದೆಂದು ವಾದಿಸುವವರಿದ್ದಾರೆ. ಇದೊಂದರಿಂದಲೇ ಕುಸುಬೆಯನ್ನು ವಿಷವೆಂದು ತಿಳಿಯಬೇಕಿಲ್ಲ. 'ಹೃದಯಕ್ಕೆ ಹಿತ' ಎಂಬ ಮಾತು ಕೇಳಿ ಕೈಬಿಟ್ಟು ಸುರಿಯುವುದು ಮಾತ್ರ ತಪ್ಪು.

ಕುಸುಬೆಯಲ್ಲಿ ಒಮೆಗಾ-3 ಇಲ್ಲವೆಂದೇ ಹೇಳಬೇಕು. ಅದಕ್ಕಾಗಿ ಕನೋಲಾವನ್ನೇ ಕೊಳ್ಳಬೇಕೆ? ಬೇಡ. ಅಗಸೆ ಬೀಜದ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟು ಅದೇ ಇದೆ. ರೊಟ್ಟಿಯ ಜೊತೆ ದಿನವೂ ಒಂದು ಚಮಚ ಅಗಸೆ ಹಿಂಡಿ ತಿಂದರೆ ಸಾಕು. ಹಿಂಡಿಯ ಮೇಲೆ ಒಂದು ಚಮಚ ಹಸಿ ಕುಸುಬೆ ಎಣ್ಣೆ ಹಾಕಿಕೊಳ್ಳುವ ನಮ್ಮ ಹಿರಿಯರ ಪದ್ಧತಿಗೆ ನನ್ನ ಆಕ್ಷೇಪಣೆಯಿಲ್ಲ. ಕಾಯಿಸದೆ ತಿನ್ನಲು ಅದು ಯೋಗ್ಯ ಎಣ್ಣೆ. ಪಲ್ಯ-ಸಾರಿಗೆ ಶೇಂಗಾ ಎಣ್ಣೆಯನ್ನು ಬದಲಿಸಿ ಬಳಸುವುದು ಮೇಲು.

ಒಂದು ಎಚ್ಚರಿಕೆ: ಕುಸುಬೆ ಹೂವಿನ ಕಷಾಯವನ್ನು ಗರ್ಭಿಣಿಯರೂ, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವವರೂ ಕುಡಿಯಬಾರದು.

ನಮ್ಮ ರೈತರಿಗೆ ನಾನು ಕೇಳಿದ್ದು ಬೇರೆ ಪ್ರಶ್ನೆ. ಮನೆಯಲ್ಲಿ ಎಷ್ಟು ಜನ, ತಿಂಗಳಿಗೆ ಎಷ್ಟು ಎಣ್ಣೆ? ಆರು ಜನ, ಏಳು ಲೀಟರ್ ಎಂದರು. ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರಿನ ಲೆಕ್ಕದಲ್ಲಿ ಮೂರು ಲೀಟರ್ ಸಾಕು. "ಎಣ್ಣಿ ಬಿಡೋದು ಬ್ಯಾಡ್ರಿ ಯಜಮಾನ್ರ, ಅರ್ಧಕ್ಕ ಇಳಸ್ರಿ" ಎಂದೆ. ಅವರು ತುಸು ಯೋಚಿಸಿ, "ಮತ್ತ ಮಿರ್ಚಿ ಭಜಿ ಕರದ ಎಣ್ಣಿ ಉಳೀತದಲ್ರಿ, ಅದ?" ಎಂದರು. ಕುಸುಬೆಯಂಥ ಎಣ್ಣೆ ಪದೇ ಪದೇ ಕಾದರೆ ಬೇಗ ಕೆಡುತ್ತದೆ, ಹಾನಿಕರ ವಸ್ತುಗಳು ಹುಟ್ಟುತ್ತವೆ. ಕಪ್ಪಾಗಿ, ನೊರೆಯೆದ್ದು, ಮುಗ್ಗು ವಾಸನೆ ಬಂದ ಎಣ್ಣೆಯನ್ನು ಸಾರಿನ ಒಗ್ಗರಣೆಗೂ ಬಳಸಬೇಡಿ. ಭಜಿ ಮಾಡುವ ದಿನ ಸಣ್ಣ ಬಾಣಲೆಯಲ್ಲಿ, ಅಂದಿಗೆ ಬೇಕಾದಷ್ಟೇ ಎಣ್ಣೆಯಿಟ್ಟು ಕರಿಯಿರಿ.