ನೀರು ಚಿಗಟದ ಗಂಡುಮರಿಗಳು

ರೇಷ್ಮೆಹುಳುಗಳೆಲ್ಲ ಒಂದೇ ಸಲ ಹಣ್ಣಾಗಲೆಂದು, ಅಂದರೆ ಗೂಡು ಕಟ್ಟಲು ಸಿದ್ಧವಾಗಲೆಂದು, ಹಿಪ್ಪುನೇರಳೆ ಸೊಪ್ಪಿಗೆ ಸಿಂಪಡಿಸುವ ‘ಸಂಪೂರ್ಣ’ದಲ್ಲಿರುವ ಹಾರ್ಮೋನು ಬೇರೆ ಜೀವಿಗಳಲ್ಲೂ ಇದೆಯೇ ಎಂದು ರೇಷ್ಮೆ ಬೆಳೆಗಾರರೊಬ್ಬರು ಕೇಳಿದ್ದಾರೆ. ಇದೆ. ಏಡಿ, ಸಿಗಡಿ, ಕೆರೆನೀರಿನಲ್ಲಿ ಕುಪ್ಪಳಿಸುವ ಸಾಸಿವೆಗಾತ್ರದ ನೀರು ಚಿಗಟ, ಅಂದರೆ ಡಾಫ್ನಿಯಾ, ಎಲ್ಲವೂ ಪೊರೆ ಬಿಡುವುದು ಎಕ್ಡೈಸೋನ್ ಬಳಗದ ಹಾರ್ಮೋನಿನ ಮಾತು ಕೇಳಿಯೇ.

ಈ ನಂಟು ಬೆಳಕಿಗೆ ಬಂದದ್ದು ಅಪಾರ ತಾಳ್ಮೆಯಿಂದ. ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್ಸನ್ 500 ಕಿಲೋ ರೇಷ್ಮೆ ಪ್ಯೂಪಾಗಳಿಂದ 1954ರಲ್ಲಿ 25 ಮಿಲಿಗ್ರಾಂ ಎಕ್ಡೈಸೋನ್ ಹರಳು ತೆಗೆದರು. ಆಸ್ಟ್ರೇಲಿಯಾದ ಹ್ಯಾಂಪ್‌ಶೈರ್ ಮತ್ತು ಹಾರ್ನ್ 1966ರಲ್ಲಿ ಒಂದು ಟನ್ ಕಡಲ ಕ್ರೇಫಿಶ್ ಕಸವನ್ನು ಸೋಸಿದಾಗ ಸಿಕ್ಕಿದ್ದು 2 ಮಿಲಿಗ್ರಾಂ. ಅದು 20-ಹೈಡ್ರಾಕ್ಸಿಎಕ್ಡೈಸೋನ್; ರೇಷ್ಮೆಹುಳುವನ್ನು ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂರಿಸುವುದೂ ಅದೇ.

ಹಾರ್ಮೋನು ಇದ್ದರೆ ಸಾಲದು, ಜೀವಕೋಶದೊಳಗೆ ಅದನ್ನು ಹಿಡಿಯುವ ಗ್ರಾಹಕ ಪ್ರೋಟೀನ್ ಬೇಕು. ಎಕ್ಡೈಸೋನ್ ಗ್ರಾಹಕ ಒಂಟಿಯಾಗಿ ಕೆಲಸ ಮಾಡದು. ಬ್ಯಾಂಕ್ ಲಾಕರಿಗೆ ನಮ್ಮ ಕೀಲಿಯ ಜತೆ ಮ್ಯಾನೇಜರರದ್ದೂ ಬೇಕಾದಂತೆ, ಆರ್‌ಎಕ್ಸ್‌ಆರ್ ಎಂಬ ಇನ್ನೊಂದು ಪ್ರೋಟೀನ್ ಜೊತೆಗೂಡಿದರಷ್ಟೇ ಪೊರೆಗೆ ಬೇಕಾದ ಜೀನ್‌ಗಳು ಎಚ್ಚರಗೊಳ್ಳುತ್ತವೆ. ಹಾರ್ಮೋನು ಏರಿದರೆ ಹೊಸ ಹೊದಿಕೆ ಸಿದ್ಧವಾಗುತ್ತದೆ. ಆಮೇಲೆ ಅದು ಇಳಿಯಲೇಬೇಕು. ಇಳಿಯದಿದ್ದರೆ ಪ್ರಾಣಿ ಹಳೆಯ ಪೊರೆಯೊಳಗೇ ಸಿಕ್ಕಿಬಿದ್ದು ಸಾಯುತ್ತದೆ.

ಡಾಫ್ನಿಯಾದಲ್ಲಿ ಪೊರೆಯೂ ಹೆರಿಗೆಯೂ ಒಂದೇ ತಾಳಕ್ಕೆ ನಡೆಯುತ್ತವೆ. ಮೈ ಗಾಜಿನಂತೆ ಪಾರದರ್ಶಕ, ಸೂಕ್ಷ್ಮದರ್ಶಕದಡಿ ಮಿಡಿಯುವ ಹೃದಯ ಕಾಣುತ್ತದೆ, ಬೆನ್ನಿನ ಚೀಲದಲ್ಲಿ ಕಪ್ಪು ಕಣ್ಣು ಮೂಡಿದ ಮರಿಗಳೂ ಕಾಣುತ್ತವೆ. ಮರಿಗಳು ಹೊರಬೀಳುತ್ತವೆ, ತಾಯಿ ಪೊರೆ ಕಳಚುತ್ತದೆ, ಸ್ವಲ್ಪ ಹೊತ್ತಿಗೆ ಹೊಸ ಮೊಟ್ಟೆಗಳು ಚೀಲಕ್ಕೆ ಇಳಿಯುತ್ತವೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಮೂರು ದಿನಕ್ಕೊಮ್ಮೆ ಇದೇ ಆವರ್ತನೆ. ಗಂಡಿನ ಹಂಗಿಲ್ಲ, ಹುಟ್ಟುವವೆಲ್ಲ ಹೆಣ್ಣು, ತಾಯಿಯ ತದ್ರೂಪು.

ಆದರೆ ಹಗಲು ಕಿರಿದಾದಾಗ, ಚಿಗಟಗಳ ದಟ್ಟಣೆ ಹೆಚ್ಚಿದಾಗ ಅದೇ ತಾಯಿ ಗಂಡುಮರಿ ಹಾಕುತ್ತದೆ. ಜೀನ್‌ಗಳು ಬದಲಾಗಿರುವುದಿಲ್ಲ. ಮೊಟ್ಟೆ ಅಂಡಾಶಯದಲ್ಲಿ ಬಲಿಯುವ ಕೊನೆಯ ಗಳಿಗೆಗಳಲ್ಲಿ ಮೀಥೈಲ್ ಫಾರ್ನೆಸೋಯೇಟ್ ಎಂಬ ಹಾರ್ಮೋನು ತಾಗಿದರೆ ಸಾಕು, ಮರಿ ಗಂಡು! ಇದನ್ನು ಹಿಡಿಯುವ ಗ್ರಾಹಕದ ಹೆಸರು ಮೆಟ್. ಮೆಥೋಪ್ರೀನ್ ಎಂಬ ಕೀಟನಾಶಕಕ್ಕೆ ಜಗ್ಗದ ಹಣ್ಣುನೊಣಗಳಲ್ಲಿ 1986ರಲ್ಲಿ ಮೊದಲು ಇದರ ಸುಳಿವು ಸಿಕ್ಕಿತು. ಕೀಟಗಳಲ್ಲಿ ಮೆಟ್ ಹಿಡಿಯುವ ಜುವೆನೈಲ್ ಹಾರ್ಮೋನಿನ ಸಾಮಾನ್ಯ ರೂಪಕ್ಕೂ ಮೀಥೈಲ್ ಫಾರ್ನೆಸೋಯೇಟಿಗೂ ಒಂದೇ ಆಮ್ಲಜನಕ ಪರಮಾಣುವಿನ ವ್ಯತ್ಯಾಸ. ಮೆಟ್‌ನ ಒಂದು ಅಮೈನೋ ಆಮ್ಲ ಬದಲಾದರೂ ಈ ಹಾರ್ಮೋನುಗಳಿಗೆ ಗ್ರಾಹಕ ಸ್ಪಂದಿಸುವ ಬಗೆ ಬದಲಾಗುತ್ತದೆಂದು ಜಪಾನಿನ ಸಂಶೋಧಕರು 2013ರಲ್ಲಿ ತೋರಿಸಿದರು. ಇಷ್ಟು ಪುಟ್ಟ ಅಂತರ ಕಂಡಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಆದ್ದರಿಂದಲೇ ‘ಕೀಟಗಳಿಗೆ ಮಾತ್ರ’ ಎಂಬ ಕೀಟನಾಶಕಗಳ ಪ್ರಚಾರವನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಸೊಳ್ಳೆಮರಿಗಳ ಬೆಳವಣಿಗೆ ತಡೆಯುವ ಪೈರಿಪ್ರಾಕ್ಸಿಫೆನ್ ಜುವೆನೈಲ್ ಹಾರ್ಮೋನನ್ನೇ ಅನುಕರಿಸುತ್ತದೆ. ಅತ್ಯಲ್ಪ ಪ್ರಮಾಣದಲ್ಲಿ ನೀರಿಗೆ ಸೇರಿದರೂ ಡಾಫ್ನಿಯಾ ಗಂಡುಮರಿ ಹಾಕತೊಡಗುತ್ತದೆಂದು ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಕಂಡಿದೆ. ತಾಯಿ ಸಾಯುವುದಿಲ್ಲ, ಆರಾಮವಾಗಿಯೇ ಈಜುತ್ತಿರುತ್ತದೆ. 48 ಗಂಟೆಗಳ ರೂಢಿಯ ವಿಷಪರೀಕ್ಷೆ ನೋಡುವುದು ಚಿಗಟ ಅಲುಗಾಡುತ್ತಿದೆಯೇ ಎಂದಷ್ಟೇ. 21 ದಿನಗಳ ಸಂತಾನ ಪರೀಕ್ಷೆಯಲ್ಲೂ ಮರಿಗಳನ್ನು ಎಣಿಸುವುದು ಕಡ್ಡಾಯ, ಗಂಡೋ ಹೆಣ್ಣೋ ನೋಡುವುದು ಐಚ್ಛಿಕ. ಹಾರ್ಮೋನನ್ನು ಅನುಕರಿಸುವ ರಾಸಾಯನಿಕಗಳ ಮಟ್ಟಿಗಾದರೂ ಅದು ಕಡ್ಡಾಯವಾಗಬೇಕು.