ಭಾರವೆತ್ತುವ ವಿದ್ಯೆ

ವಡೋದರದ ಸಯಾಜಿಬಾಗಿನ ವಸ್ತುಸಂಗ್ರಹಾಲಯದಲ್ಲಿ ಒಂದು ಭಾರಿ ಕಲ್ಲನ್ನು ಕಾಪಾಡಿ ಇಟ್ಟಿದ್ದಾರೆ. ಸುಮಾರು 1,200 ಕಿಲೋಗ್ರಾಂ ತೂಗುವುದೆನ್ನಲಾಗುವ ಆ ಕಲ್ಲನ್ನು ಗಾಮಾ ಪೈಲವಾನನು 1902ರ ಡಿಸೆಂಬರ್ 23ರಂದು ಎತ್ತಿದನೆಂಬ ಪ್ರಸಿದ್ಧಿ ಇದೆ. ರಜಾದಿನದಲ್ಲಿ ಮಡದಿ ಮಕ್ಕಳೊಡನೆ ಅದನ್ನು ನೋಡಿ ಬೆರಗಾದ ಗೃಹಸ್ಥನೊಬ್ಬನು ಸಂಜೆಗೆ ಅಹಮದಾಬಾದಿನ ಬೋಪಾಲಿನಲ್ಲಿರುವ ತನ್ನ ಮನೆಗೆ ಮರಳುತ್ತಾನೆ ಎಂದಿಟ್ಟುಕೊಳ್ಳೋಣ. ಬಾಗಿಲ ಬಳಿ ಅಂಗಡಿಯವನು ಇಳಿಸಿ ಹೋದ 25 ಕಿಲೋ ಸೋನಾ ಮಸೂರಿ ಅಕ್ಕಿಯ ಚೀಲವಿದೆ. ಗೃಹಸ್ಥನು ಮೊಣಕಾಲು ಮಡಿಸದೆ, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಚೀಲದ ಎರಡು ಕಿವಿಗಳನ್ನು ಹಿಡಿದು ಒಮ್ಮೆಲೇ ಜಗ್ಗುತ್ತಾನೆ. ಚೀಲ ಮೇಲೇಳುವ ಮೊದಲೇ ಸೊಂಟ ಹಿಡಿಯುತ್ತದೆ. ಒಂದು ವಾರ ಕಚೇರಿಗೆ ರಜೆ. ಆಮೇಲೆ "ಇನ್ನು ಭಾರ ಎತ್ತುವುದೇ ಬೇಡ" ಎಂಬ ಶಪಥ.

ಈ ಶಪಥವೇ ಮೊದಲ ನೋವಿಗಿಂತ ಹೆಚ್ಚು ಹಾನಿಕರ. ಎತ್ತುವುದನ್ನು ಬಿಟ್ಟ ಬೆನ್ನು ವರ್ಷದಿಂದ ವರ್ಷಕ್ಕೆ ದುರ್ಬಲವಾಗುತ್ತದೆ. ಇಂದು 25 ಕಿಲೋಗೆ ಹೆದರಿದವನು ಕೆಲವು ವರ್ಷಗಳ ತರುವಾಯ ಮೊಮ್ಮಗುವನ್ನು ಎತ್ತಿಕೊಳ್ಳಲೂ ಹಿಂಜರಿಯುವಂತಾಗುತ್ತದೆ. ಭಾರವೆತ್ತುವುದು ಒಂದು ವಿದ್ಯೆ. ಈಜಿನಂತೆ, ಸೈಕಲ್ ಸವಾರಿಯಂತೆ ಇದನ್ನೂ ಕ್ರಮವಾಗಿ ಕಲಿಯಬಹುದು. ಇಂದಿನ ವ್ಯಾಯಾಮಶಾಲೆಗಳಲ್ಲಿ ಡೆಡ್‌ಲಿಫ್ಟ್ ಎಂದು ಕರೆಯುವ ವ್ಯಾಯಾಮವು ಈ ವಿದ್ಯೆಯ ಮೊದಲ ಪಾಠವಾಗಿದೆ.

ಸೊಂಟಕ್ಕೆ ಪೆಟ್ಟು ಬೀಳುವುದೇಕೆ?

ಮನುಷ್ಯನು ಭಾರವನ್ನೆತ್ತುವಾಗ ಅವನ ಶರೀರವು ಒಂದು ಸನ್ನೆಗೋಲಿನಂತೆ ವರ್ತಿಸುತ್ತದೆ. ಬೆನ್ನುಮೂಳೆಯನ್ನು ನೆಟ್ಟಗೆ ಹಿಡಿಯುವ ಸ್ನಾಯುಗಳು ಅದರ ಕೀಲಿನಿಂದ ಸುಮಾರು 5 ಸೆಂಟಿಮೀಟರ್ ಹಿಂದಷ್ಟೇ ಇವೆ. 25 ಕಿಲೋ ಚೀಲವು ಆ ಕೀಲಿನಿಂದ 50 ಸೆಂಟಿಮೀಟರ್ ಮುಂದಿದ್ದರೆ, ಅದೊಂದನ್ನೇ ತೂಗಿಸಲು ಆ ಸ್ನಾಯುಗಳು ಸುಮಾರು 250 ಕಿಲೋ ಭಾರಕ್ಕೆ ಸಮನಾದ ಸೆಳೆತವನ್ನು ಕೊಡಬೇಕಾಗುತ್ತದೆ. ಬಾಗಿದ ಮುಂಡದ ಭಾರ ಇದಕ್ಕೆ ಬೇರೆ. ಅದೇ ಚೀಲವನ್ನು ಮೈಗೆ ಹತ್ತಿರ ತಂದು ಅಂತರವನ್ನು 25 ಸೆಂಟಿಮೀಟರಿಗೆ ಇಳಿಸಿದರೆ ಸೆಳೆತವು 125 ಕಿಲೋಗೆ ಇಳಿಯುತ್ತದೆ. ಚೀಲದ ತೂಕ ಬದಲಾಗಲಿಲ್ಲ. ದೂರ ಮಾತ್ರ ಅರ್ಧವಾಯಿತು. ಬಾವಿಯಿಂದ ನೀರು ತರುತ್ತಿದ್ದ ನಮ್ಮ ಹಳ್ಳಿಯ ತಾಯಂದಿರು ಕೊಡವನ್ನು ಸೊಂಟಕ್ಕೆ ಅಂಟಿಸಿಕೊಂಡೇ ನಡೆಯುತ್ತಿದ್ದುದು ಈ ಲೆಕ್ಕವನ್ನು ಅನುಭವದಿಂದ ಅರಿತಿದ್ದುದರಿಂದಲೇ.

ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಸ್ಥೆಯು 1991ರಲ್ಲಿ ಪರಿಷ್ಕರಿಸಿದ ಸೂತ್ರದಲ್ಲಿ, ಎಲ್ಲ ಅನುಕೂಲಗಳಿದ್ದಾಗಲೂ ಕೈಯಿಂದ ಎತ್ತುವ ಭಾರಕ್ಕೆ 23 ಕಿಲೋಗ್ರಾಂ ಮಿತಿಯನ್ನು ಸೂಚಿಸಲಾಗಿದೆ. ಅಕ್ಕಿಯ ಚೀಲ ಈ ಮಿತಿಯನ್ನು ದಾಟುತ್ತದೆ. 14.2 ಕಿಲೋ ಅನಿಲ ತುಂಬಿದ ಅಡುಗೆ ಸಿಲಿಂಡರು ಲೋಹದ ತೂಕವೂ ಸೇರಿ ಸುಮಾರು 30 ಕಿಲೋ ಆಗುತ್ತದೆ. ಹೀಗಿರುವಲ್ಲಿ, ಭಾರವೆತ್ತುವ ಕ್ರಮವು ಪೈಲವಾನರಿಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸುವುದು ಸರಿಯಲ್ಲ.

ಗರಡಿಯಿಂದ ಸರಳಿನವರೆಗೆ

ಕನ್ನಡಿಗರಿಗೆ ಈ ವಿದ್ಯೆ ಹೊಸದೇನಲ್ಲ. ಮೈಸೂರಿನ ಗರಡಿಮನೆಗಳಲ್ಲಿ ಸಾಮು ಮಾಡಿದವರೂ, ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಗುಂಡು ಮತ್ತು ಸಂಗ್ರಾಣಿ ಕಲ್ಲು ಎತ್ತಿದವರೂ ಇದನ್ನು ಬಲ್ಲವರು. 'ರೂಪದರ್ಶಿ', 'ಶಾಂತಲಾ' ಕಾದಂಬರಿಗಳನ್ನು ಬರೆದ ಕೆ. ವಿ. ಅಯ್ಯರ್ ಅವರೇ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿ ಅನೇಕ ತರುಣರನ್ನು ತಿದ್ದಿದರು. ನಮ್ಮ ಕಾಲದಲ್ಲಿ ಕುಂದಾಪುರದ ಕಡೆಯ ಗುರುರಾಜ ಪೂಜಾರಿಯವರು 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿಯ ಪದಕವನ್ನೂ, 2022ರ ಬರ್ಮಿಂಗ್‌ಹ್ಯಾಮ್ ಕೂಟದ 61 ಕಿಲೋ ವಿಭಾಗದಲ್ಲಿ 269 ಕಿಲೋ ಎತ್ತಿ ಕಂಚಿನ ಪದಕವನ್ನೂ ಗಳಿಸಿದರು. ಅವರ ಸ್ಪರ್ಧೆಯಲ್ಲಿ ಭಾರವು ತಲೆಯ ಮೇಲಕ್ಕೆ ಹೋಗುವುದಾದರೂ, ಅದು ಮೊದಲು ನೆಲವನ್ನು ಬಿಡುವಾಗ ಪಾಲಿಸಬೇಕಾದ ಮೂಲ ನಿಯಮಗಳು ಡೆಡ್‌ಲಿಫ್ಟಿನವೇ: ಬೆನ್ನು ಸ್ಥಿರ, ಭಾರ ಮೈಗೆ ಸಮೀಪ, ಶಕ್ತಿ ಕಾಲಿನದು.

ನೆಲದ ಮೇಲೆ ನಿಶ್ಚಲವಾಗಿ ಬಿದ್ದಿರುವ ಭಾರವನ್ನು ಎರಡು ಕೈಗಳಿಂದ ಹಿಡಿದು, ನೆಟ್ಟಗೆ ನಿಲ್ಲುವವರೆಗೆ ಎತ್ತಿ, ಮತ್ತೆ ನೆಲಕ್ಕಿಳಿಸುವುದೇ ಡೆಡ್‌ಲಿಫ್ಟ್. ಬಸ್ಕಿಯಲ್ಲಿ ಮೊಣಕಾಲು ಹೆಚ್ಚು ಮಡಿಯುತ್ತದೆ. ಇದರಲ್ಲಿ ತೊಡೆ ಮತ್ತು ಸೊಂಟ ಸೇರುವ ಕೀಲು ಹೆಚ್ಚು ಮಡಿಯುತ್ತದೆ. ಈ ಕೀಲನ್ನು ಬಾಗಿಲ ತಿರುಗಣೆಯಂತೆ ಬಳಸಲು ಕಲಿತವನಿಗೆ ಅರ್ಧ ವಿದ್ಯೆ ಬಂದಂತೆಯೇ. ಕಲಿಯಲು ಸುಲಭವಾದ ಉಪಾಯವೊಂದಿದೆ. ಗೋಡೆಗೆ ಬೆನ್ನು ಮಾಡಿ ಒಂದು ಗೇಣು ದೂರದಲ್ಲಿ ನಿಂತು, ಮೊಣಕಾಲನ್ನು ತುಸು ಸಡಿಲಿಸಿ, ಬೆನ್ನನ್ನು ಬಾಗಿಸದೆ ನಿತಂಬವನ್ನು ಹಿಂದಕ್ಕೆ ತಳ್ಳಿ ಗೋಡೆಯನ್ನು ಮುಟ್ಟಬೇಕು. ಬೆನ್ನಿನುದ್ದಕ್ಕೂ ಒಂದು ಕೋಲನ್ನು ಹಿಡಿದುಕೊಂಡರೆ ಅದು ತಲೆಯ ಹಿಂಭಾಗ, ಮೇಲ್ಬೆನ್ನು, ಸೊಂಟದ ಕೆಳತುದಿ, ಈ ಮೂರು ಕಡೆಯೂ ತಗುಲಿಯೇ ಇರಬೇಕು. ಭಾರವನ್ನು ಮುಟ್ಟುವ ಮೊದಲು ಕೆಲವು ದಿನ ಇದನ್ನೇ ಅಭ್ಯಾಸ ಮಾಡುವುದು ಒಳ್ಳೆಯದು.

ಎತ್ತುವ ಕ್ರಮ

ವ್ಯಾಯಾಮಶಾಲೆಯ ದೊಡ್ಡ ಸರಳು ಬರಿದಾಗಿಯೇ 20 ಕಿಲೋ ತೂಗುತ್ತದೆ. ಪೂರ್ಣ ಅಳತೆಯ ತಟ್ಟೆಗಳ ವ್ಯಾಸ 45 ಸೆಂಟಿಮೀಟರ್ ಆದುದರಿಂದ ಸರಳು ನೆಲದಿಂದ ಸುಮಾರು ಒಂದು ಗೇಣು ಮೇಲಿರುತ್ತದೆ. ಚಿಕ್ಕ ತಟ್ಟೆ ಹಾಕಿದರೆ ಸರಳು ಕೆಳಗಿಳಿಯುವುದರಿಂದ, ಹೊಸಬರು ಅದನ್ನು ಹಲಗೆಯ ಮೇಲಿರಿಸಿ ಅದೇ ಎತ್ತರಕ್ಕೆ ತಂದುಕೊಳ್ಳಬೇಕು.

ಮೊದಲನೆಯದಾಗಿ, ಪಾದಗಳನ್ನು ಸೊಂಟದಷ್ಟು ಅಗಲಕ್ಕಿಟ್ಟು, ಸರಳು ಪಾದದ ನಡುಭಾಗದ ಮೇಲೆ ಬರುವಂತೆ ನಿಲ್ಲಬೇಕು. ಎರಡನೆಯದಾಗಿ, ನಿತಂಬವನ್ನು ಹಿಂದಕ್ಕೆ ತಳ್ಳುತ್ತ ಬಾಗಿ, ಕಾಲುಗಳ ಹೊರಬದಿಯಲ್ಲಿ ಸರಳನ್ನು ಹಿಡಿಯಬೇಕು. ಆಮೇಲೆ ಕಾಲಿನ ಮುಂಭಾಗದ ಎಲುಬು ಸರಳಿಗೆ ತಾಗುವಷ್ಟು ಮೊಣಕಾಲನ್ನು ಮಡಿಸಬೇಕು. ಮೂರನೆಯದಾಗಿ, ಎದೆಯನ್ನು ತೆರೆದು, ಕತ್ತನ್ನು ಬೆನ್ನಿನ ನೇರಕ್ಕೆ ಇರಿಸಿ, ಹೊಟ್ಟೆ ತುಂಬುವಂತೆ ಉಸಿರೆಳೆದು, ಯಾರೋ ಗುದ್ದಲು ಬಂದಾಗ ಬಿಗಿಹಿಡಿಯುವಂತೆ ಹೊಟ್ಟೆಯನ್ನು ಬಿಗಿಹಿಡಿಯಬೇಕು. ನಾಲ್ಕನೆಯದಾಗಿ, ತೋಳುಗಳನ್ನು ಹಗ್ಗದಂತೆ ನೇರವಾಗಿ ಬಿಗಿದು, ಪಾದದಿಂದ ನೆಲವನ್ನು ಕೆಳಕ್ಕೆ ಒತ್ತುತ್ತಿರುವ ಭಾವನೆಯಿಂದ ಮೇಲೇಳಬೇಕು. ಸರಳು ಕಾಲನ್ನು ಸವರಿಕೊಂಡೇ ಬರಬೇಕು. ಸೊಂಟವೂ ಭುಜವೂ ಜೊತೆಜೊತೆಯಾಗಿ ಏರಬೇಕು. ನೆಟ್ಟಗೆ ನಿಂತೊಡನೆ ಕೆಲಸ ಮುಗಿಯಿತು. ಇಳಿಸುವಾಗ ಮೊದಲು ನಿತಂಬ ಹಿಂದಕ್ಕೆ ಹೋಗಬೇಕು, ಸರಳು ಮೊಣಕಾಲನ್ನು ದಾಟಿದ ಮೇಲೆ ಮೊಣಕಾಲು ಮಡಿಯಬೇಕು.

ಸಾಮಾನ್ಯ ದೋಷಗಳು

ಸರಳು ಕಾಲಿನಿಂದ ದೂರ ಸರಿಯುವುದು ಮೊದಲ ದೋಷ. ಇದರಿಂದಾಗುವ ನಷ್ಟವನ್ನು ಅಕ್ಕಿ ಚೀಲದ ಲೆಕ್ಕವೇ ತೋರಿಸಿದೆ. ಭಾರದಡಿಯಲ್ಲಿ ಸೊಂಟದ ಭಾಗ ಗೂನಾಗುವುದು ಎರಡನೆಯದು. ನೆಲದಿಂದ ಕಾಗದವನ್ನೋ ಚಪ್ಪಲಿಯನ್ನೋ ಎತ್ತುವಾಗ ಬೆನ್ನು ಬಾಗಿದರೆ ಅಪಾಯವಿಲ್ಲ, ಬಾಗುವುದು ಬೆನ್ನಿಗೆ ಸಹಜ. ಆದರೆ ಹೆಚ್ಚು ಭಾರವಿದ್ದಾಗ ಅದು ಬಾಗುತ್ತ ಹೋಗುವುದು, ತೂಕವು ಶಕ್ತಿಯನ್ನು ಮೀರಿದೆಯೆಂಬುದರ ಸೂಚನೆ.

ನಿತಂಬ ಮೊದಲೇ ಮೇಲಕ್ಕೆ ನೆಗೆದು ಭುಜ ಹಿಂದುಳಿಯುವುದು ಮೂರನೆಯ ದೋಷ. ಆಗ ಕಾಲು ಮಾಡಬೇಕಾದ ಕೆಲಸ ಪೂರ್ತಿ ಬೆನ್ನಿನ ಮೇಲೆ ಬೀಳುತ್ತದೆ. ಇದಕ್ಕೆ ವಿರುದ್ಧವಾಗಿ ಬಸ್ಕಿಯಂತೆ ತೀರ ಕೆಳಗೆ ಕುಳಿತರೆ ಮೊಣಕಾಲು ಸರಳಿನ ದಾರಿಗೆ ಅಡ್ಡವಾಗುತ್ತದೆ. ಒಮ್ಮೆಲೇ ಜಗ್ಗುವುದು, ಮೊಣಕೈ ಮಡಿಸಿ ಎಳೆಯುವುದು, ಕನ್ನಡಿಯಲ್ಲಿ ಮುಖ ನೋಡಲು ಕತ್ತನ್ನು ಹಿಂದಕ್ಕೆ ಎತ್ತುವುದು, ನಿಂತ ಮೇಲೆ ಹಿಂದಕ್ಕೆ ವಾಲುವುದು, ಓಟದ ಮೆತ್ತನೆಯ ಬೂಟು ತೊಟ್ಟು ಎತ್ತುವುದು, ಇವೆಲ್ಲ ಬೋಪಾಲಿನ ಜಿಮ್ಮಿನಲ್ಲಿ ಮಾತ್ರವಲ್ಲ, ಎಲ್ಲ ಊರುಗಳಲ್ಲೂ ಕಾಣುವ ತಪ್ಪುಗಳೇ. ಅಡಿ ಚಪ್ಪಟೆಯಾದ ಬೂಟು ಇದಕ್ಕೆ ಉತ್ತಮ.

ಎಲ್ಲಕ್ಕಿಂತ ದೊಡ್ಡ ದೋಷವು ಆತುರ. ಪಕ್ಕದವನು 100 ಕಿಲೋ ಎತ್ತಿದನೆಂದು ಮೊದಲ ತಿಂಗಳಲ್ಲೇ ತಟ್ಟೆ ಏರಿಸುವವರಿದ್ದಾರೆ. 2016ರಲ್ಲಿ ಇಂಗ್ಲೆಂಡಿನ ಎಡ್ಡಿ ಹಾಲ್ ಈ ವ್ಯಾಯಾಮದಲ್ಲಿ 500 ಕಿಲೋ ಎತ್ತಿ ಆ ಮಟ್ಟವನ್ನು ಮುಟ್ಟಿದ ಮೊದಲಿಗನಾದುದು ಹಲವು ವರ್ಷಗಳ ಸಾಧನೆಯಿಂದ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಹೇಳಿದ್ದಾರೆ. ಒಂದೇ ಭಾರವನ್ನು ಎಂಟು ಹತ್ತು ಬಾರಿ ಕ್ರಮ ತಪ್ಪದೆ ಎತ್ತಲು ಬಂದ ಮೇಲೆ ಎರಡೂವರೆ ಅಥವಾ ಐದು ಕಿಲೋ ಹೆಚ್ಚಿಸಿದರೆ ಸಾಕು. ವಯಸ್ಕರು ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸಲಹೆ ಮಾಡಿದೆ.

ಎಚ್ಚರಿಕೆ

ರಕ್ತದೊತ್ತಡ, ಹೃದ್ರೋಗ, ಹರ್ನಿಯಾ, ಮೂಳೆ ಸವೆತ ಇರುವವರೂ ಗರ್ಭಿಣಿಯರೂ ವೈದ್ಯರನ್ನು ಕೇಳದೆ ಆರಂಭಿಸಬಾರದು. ಉಸಿರು ಬಿಗಿಹಿಡಿದಾಗ ರಕ್ತದೊತ್ತಡ ಏರುವುದರಿಂದ ಒತ್ತಡದ ರೋಗಿಗಳು ಕಡಿಮೆ ಭಾರದಲ್ಲಿ ಉಸಿರು ಬಿಡುತ್ತ ಎತ್ತುವುದು ಲೇಸು. ಸೊಂಟ ಹಿಡಿದಾಗ ದಿನಗಟ್ಟಲೆ ಮಲಗಿರುವುದು ಹಳೆಯ ಪದ್ಧತಿ. ಆದಷ್ಟು ಬೇಗ ಮೆಲ್ಲಗೆ ಓಡಾಡುವುದೇ ಒಳ್ಳೆಯದೆಂದು ಈಗ ತಿಳಿದಿದೆ. ಇಂಥ ನೋವು ಬಹುತೇಕ ಕೆಲವು ವಾರಗಳಲ್ಲಿ ಇಳಿಯುತ್ತದೆ. ಆದರೆ ಕಾಲಿನಲ್ಲಿ ಬಲ ಕುಂದಿದರೆ, ತೊಡೆಗಳ ನಡುವೆ ಜೋಮು ಹಿಡಿದರೆ, ಮಲಮೂತ್ರಗಳ ಮೇಲೆ ಹಿಡಿತ ತಪ್ಪಿದರೆ, ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮತ್ತೆ ಅಕ್ಕಿಯ ಚೀಲಕ್ಕೆ

ಕೆಲವು ತಿಂಗಳು ಹೀಗೆ ಅಭ್ಯಾಸ ಮಾಡಿದ ಅದೇ ಗೃಹಸ್ಥನ ಮನೆ ಬಾಗಿಲಿಗೆ ಇನ್ನೊಂದು ಚೀಲ ಬರುತ್ತದೆ. ಈ ಸಲ ಅವನು ಚೀಲವನ್ನು ನೆಟ್ಟಗೆ ನಿಲ್ಲಿಸುತ್ತಾನೆ, ಅದರ ಇಕ್ಕೆಲದಲ್ಲೂ ಪಾದವಿಡುತ್ತಾನೆ, ನಿತಂಬವನ್ನು ಹಿಂದಕ್ಕೆ ತಳ್ಳಿ ಬಾಗುತ್ತಾನೆ, ಹೊಟ್ಟೆಯನ್ನು ಬಿಗಿಹಿಡಿದು, ಚೀಲವನ್ನು ಮೈಗಪ್ಪಿಕೊಂಡು, ಕಾಲಿನ ಬಲದಿಂದ ಏಳುತ್ತಾನೆ. ತಿರುಗಬೇಕಾದಾಗ ಸೊಂಟವನ್ನು ತಿರುಚದೆ ಪಾದಗಳನ್ನೇ ತಿರುಗಿಸುತ್ತಾನೆ. ಗಾಮಾನ ಕಲ್ಲು ವಡೋದರದಲ್ಲಿಯೇ ಇರಲಿ. ಮನೆಯ ಅಕ್ಕಿಯನ್ನು ಮನೆಯವನೇ ಅಡುಗೆಮನೆಗೆ ಮುಟ್ಟಿಸಬಲ್ಲನಾದರೆ, ಎಪ್ಪತ್ತರ ವಯಸ್ಸಿನಲ್ಲಿಯೂ ಮೊಮ್ಮಗುವನ್ನು ನೆಲದಿಂದ ಎತ್ತಿ ಮುದ್ದಿಸಬಲ್ಲನಾದರೆ, ಈ ವಿದ್ಯೆಯ ಫಲ ಕೈಸೇರಿದಂತೆಯೇ ಸರಿ.